ಗಂಗುಬಾಯಿಯ ಕೈಗುಣ

ಆ ಸೆಪ್ಟೆಂಬರ್ ತಿಂಗಳಲ್ಲಿ ಉಜ್ವಲಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೀದರಿನ ಒಂದು ಖಾಸಗಿ ಕಾಲೇಜಿನಲ್ಲಿ ಆರು ವರ್ಷದಿಂದ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದಳು. ಆ ಆರು ವರ್ಷವೂ ಯಾರೋ ಎಲ್ಲೋ ಕಂಡುಹಿಡಿದದ್ದನ್ನೇ ಬೋರ್ಡಿನ ಮೇಲೆ ಬರೆದು ಅಳಿಸಿದ್ದಳು. ಈಗ ಮೊದಲ ಸಲ ತಾನೇ ಏನನ್ನೋ ಕಂಡುಹಿಡಿದಿದ್ದಳು. ಅದೂ ಎಲ್ಲಿ? ಕಲ್ಲುಸಂದಿಯಲ್ಲಿ ಬೆಳೆಯುವ, ಮೂರು ಬೆರಳೆತ್ತರದ ಒಂದು ಜರಿಗಿಡದಲ್ಲಿ.

ಪುಸ್ತಕದಲ್ಲಿ ಅದರ ಹೆಸರು ಮಯೂರಶಿಖೆ. ಔರಾದ ಕಡೆಯ ಕುರಿಗಾರರ ಬಾಯಲ್ಲಿ ನವಿಲಜುಟ್ಟ. ಹೂವಿಲ್ಲ, ಕಾಯಿಲ್ಲ, ಬೀಜದ ಬದಲು ಎಲೆಯ ಬೆನ್ನಿಗೆ ಸಣ್ಣ ಹುಡಿ ಕಟ್ಟುತ್ತದೆ. ಬೇಸಿಗೆಯಲ್ಲಿ ಮುದುಡಿ ಸತ್ತಂತೆ ಬಿದ್ದಿರುತ್ತದೆ, ಒಂದು ಮಳೆ ಬಿತ್ತೆಂದರೆ ಏನೂ ಆಗಿಲ್ಲವೆಂಬಂತೆ ಎದ್ದು ಬೀಸಣಿಗೆ ಬಿಚ್ಚುತ್ತದೆ. ಅಷ್ಟೂರಿನ ಗುಮ್ಮಟಗಳ ಗೋಡೆಯಲ್ಲೂ ಇದೆ. ಬೀದರಿನವರು ಅದರ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆಯೇ ಹೊರತು ಅದನ್ನು ನೋಡುವುದಿಲ್ಲ. ಹಿತ್ತಲ ಗಿಡವೇ ಮದ್ದಲ್ಲ ಅಂದಮೇಲೆ ಗುಮ್ಮಟದ ಗಿಡವನ್ನು ಕೇಳುವವರು ಯಾರು.

ಈ ಗಿಡದ ಸುಳಿವು ಕೊಟ್ಟವರು ಅವಳ ಅಪ್ಪ ಧಮ್ಮಪಾಲ. ಮೂಲ ಭಾಲ್ಕಿ ತಾಲೂಕಿನ ಭಾತಂಬ್ರಾ. ಇಪ್ಪತ್ತೆಂಟು ವರ್ಷ ಔರಾದ ಸುತ್ತಲಿನ ಪಶು ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಆಗಿದ್ದು, ಈಗ ಬೀದರಿನ ಚಿದ್ರಿಯ ಮನೆಯಲ್ಲಿ ನಿವೃತ್ತಿಯ ಸುಖ ಉಣ್ಣುತ್ತಿದ್ದರು.

“ಮಳಿಗಾಲದಾಗ ಕುರಿ ಕಾಲು ಕೊಳೀತಾವಲ್ಲ, ಆವಾಗ ಸುತ್ತ ಹತ್ತ ಊರಿನ ಕುರಿ ನಮ್ಮ ದವಾಖಾನಿಗಿ ಬರ್ತಿದ್ದವು,” ಅಂದಿದ್ದರು ಒಂದು ದಿನ ಚಹಾ ಕುಡಿಯುತ್ತ. “ಕುರಿಗಾರ ಬಕ್ಕಪ್ಪ ಅಂತ ಇದ್ದಾನ, ಅವನ ಊರವು ಅಷ್ಟೇ ಬರ್ತಿದ್ದಿಲ್ಲ. ಅವನ ಹೆಣ್ತಿ ಸತ್ಯಮ್ಮ ಎಂಥದೋ ಎಲಿ ಅರದು ಕಟ್ಟತಾಳ. ನಾ ಭಾಳ ನಕ್ಕೀನಿ. ನಕ್ಕಿದ್ದು ಗಲತಿ ಏನೋ, ಒಂದು ಸಲ ಹೋಗಿ ನೋಡು.”

ಆಗಸ್ಟಿನಲ್ಲಿ ಉಜ್ವಲಾ ಹೋಗಿ ನೋಡಿದ್ದಳು. ಔರಾದಿನಿಂದ ಆರು ಕಿಲೋಮೀಟರ್ ಆಚೆ, ಕಲ್ಲುಗುಡ್ಡದ ಬುಡದಲ್ಲಿ ಸತ್ಯಮ್ಮನ ಮನೆ. ಸತ್ಯಮ್ಮನಿಗೆ ಅರವತ್ತು ದಾಟಿತ್ತು, ಮಾತಿಗೆ ಇನ್ನೂ ಇಪ್ಪತ್ತು. “ಒಳಗ ಬರ್ರಿ ಅಕ್ಕೋರ,” ಎಂದು ಎರಡು ಸಲ ಕರೆದಳು. ಉಜ್ವಲಾ “ಇಲ್ಲೇ ಗಾಳಿ ಚಲೋ ಅದರಿ” ಎಂದು ಅಂಗಳದ ಕಲ್ಲಿನ ಮೇಲೆ ಕೂತಳು. ಅವಳ ಅಜ್ಜಿಯ ಕಾಲದಲ್ಲಿ ಇಂಥ ಮನೆಗಳ ಒಳಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಈಗ ಕರೆಯುತ್ತಾರೆ, ಆದರೂ ಕಾಲು ಅಂಗಳದಲ್ಲೇ ನಿಲ್ಲುತ್ತದೆ. ಕಾಲ ಬದಲಾದದ್ದು ಕಾಲಿಗೆ ಇನ್ನೂ ಗೊತ್ತಾಗಿರಲಿಲ್ಲ.

ಕೂತಲ್ಲೇ ನೋಟುಬುಕ್ಕು ತೆಗೆದು ಪ್ರಶ್ನೆ ಕೇಳಿದಳು. ಯಾವ ತಿಂಗಳು ಕೀಳುತ್ತೀರಿ, ಬೇರೋ ಎಲೆಯೋ, ಬಿಸಿಲೋ ನೆರಳೋ, ಎಷ್ಟು ದಿನ ಒಣಗಿಸುತ್ತೀರಿ. ಸತ್ಯಮ್ಮ ಎಲ್ಲಕ್ಕೂ ಹೇಳಿದಳು. ನಡುವೆ ತಾನಾಗಿಯೇ ಇನ್ನೊಂದು ಮಾತು ಹೇಳಿದಳು.

“ಇದು ನನ್ನ ವಿದ್ಯಾ ಅಲ್ರಿ. ನಮ್ಮ ಅತ್ತಿ ಗಂಗುಬಾಯಿದು. ಆಕಿ ಕೈಗುಣ ಅಂದ್ರ ಔರಾದ ಪೂರಾ ಮಾತಾಡ್ತಿತ್ತು. ಆಕಿ ಎಲಿ ಕಟ್ಟಿದ್ರ ಐದನೇ ದಿನಕ್ಕ ಕುರಿ ಕುಣೀತಿತ್ತು. ನಮ್ಮ ಮಾವ ತೀರಿಕೊಂಡ ಮ್ಯಾಲ ಆ ಕೈಗುಣ ಹೋಯ್ತು. ಅದೇ ಎಲಿ, ಅದೇ ಕೈ, ಹತ್ತು ಹನ್ನೆರಡು ದಿನ ಹಿಡೀತಿತ್ತು. ಮಂದಿ ಆಕಿನ್ನ ಬಿಟ್ಟು ನನ್ನ ಬಲ್ಲಿ ಬರ್ಲತ್ತಿದ್ರು. ನಾ ಕಟ್ಟಿದ್ರ ಮತ್ತ ಐದೇ ದಿನ.” ಬೇರೆಯವರ ಒಡವೆಯನ್ನು ತಿಳಿಯದೆ ಹಾಕಿಕೊಂಡು ಬಂದವಳ ಹಾಗೆ ಸತ್ಯಮ್ಮನ ದನಿ ಇಳಿಯಿತು. “ಆಕಿ ಸಾಯೋತನಕ ಕಟ್ಟಿ ಮ್ಯಾಲ ಕೂತು ತನ್ನ ಅಂಗೈ ತಾನೇ ನೋಡ್ಕೋತ ಇರ್ತಿದ್ಳ್ರಿ.”

ಉಜ್ವಲಾ ಇದನ್ನು ಬರೆದುಕೊಳ್ಳಲಿಲ್ಲ. ಅವಳ ನೋಟುಬುಕ್ಕಿನಲ್ಲಿ ಕೈಗುಣಕ್ಕೆ ಜಾಗವಿರಲಿಲ್ಲ.

ಹೊರಡುವಾಗ ಸತ್ಯಮ್ಮ ತೊಲೆಯಿಂದ ಒಣಗಿದ ಎಲೆಯ ಕಟ್ಟೊಂದನ್ನು ಇಳಿಸಿ, ಒಳಗೆ ದೇವರ ಗೂಡಿನ ಮುಂದೆ ಒಯ್ದಳು. ಉಜ್ವಲಾ ಮರ್ಯಾದೆಗೆಂದು ಮುಖ ತಿರುಗಿಸಿ ಕುರಿಗಳನ್ನು ನೋಡುತ್ತ ನಿಂತಳು. ಉಜ್ವಲಾಳ ಮನೆಯಲ್ಲಿ ಬುದ್ಧನ ಫೋಟೊ ಒಂದು, ಬಾಬಾಸಾಹೇಬರ ಫೋಟೊ ಒಂದು. ಪೂಜೆ ಪುನಸ್ಕಾರದ ಗೊಡವೆ ಇಲ್ಲ. ಬೇರೆಯವರ ದೇವರನ್ನು ಇಣುಕಿ ನೋಡುವುದು ಸಭ್ಯತೆಯಲ್ಲ ಎಂದು ಅಪ್ಪ ಕಲಿಸಿದ್ದರು. ಅಪ್ಪ ಕಲಿಸಿದ್ದು ಒಳ್ಳೆಯದೇ. ಆದರೆ ಒಳ್ಳೆಯ ಪಾಠವೂ ಒಮ್ಮೊಮ್ಮೆ ಗುಂಡಿಗೆ ಕೆಡವುತ್ತದೆ.

ಪ್ರಯೋಗಾಲಯದಲ್ಲಿ ಕಟ್ಟು ಬಿಚ್ಚಿದಾಗ ಎಲೆಗಳ ಮೇಲೆ ಹಳದಿ ಹುಡಿ ಕಂಡಿತು. ಜರಿಗಿಡದ ಬೆನ್ನಿನ ಹುಡಿಯೇ ಇದು, ಅದರಲ್ಲೂ ಗುಣವಿದ್ದೀತು ಎಂದು ಉಜ್ವಲಾ ತೊಳೆಯಲೂ ಇಲ್ಲ. ಎಲೆಯನ್ನು ಪುಡಿ ಮಾಡಿ, ಮೂರು ದಿನ ಆಲ್ಕೊಹಾಲಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಸಾರ ತೆಗೆದಳು. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಗಟ್ಟಿ ಲೋಳೆಯ ಮೇಲೆ ಕೀವು ಮಾಡುವ ರೋಗಾಣು ಬಿತ್ತಿ, ನಡುವೆ ಸಣ್ಣ ಕುಳಿ ಕೊರೆದು, ಸಾರದ ಹನಿ ಬಿಟ್ಟು, ಒಂದು ದಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟಳು. ಮರುದಿನ ತಟ್ಟೆ ತುಂಬ ರೋಗಾಣು ಮಂಜಿನಂತೆ ಹಬ್ಬಿತ್ತು, ಕುಳಿಯ ಸುತ್ತ ಮಾತ್ರ ಸ್ವಚ್ಛ ಗಾಜು. ರೋಗಾಣು ಹತ್ತಿರ ಸುಳಿಯದ ಆ ದುಂಡು ಜಾಗಕ್ಕೆ ಕಾಲೇಜಿನ ಅಟೆಂಡರ್ ನರಸಿಂಗ ‘ಬಳಿ’ ಅನ್ನುತ್ತಿದ್ದ. ಸ್ಕೇಲು ಇಟ್ಟು ಅಳೆದರೆ ಆ ಬಳೆ ಹದಿನೆಂಟು ಮಿಲಿಮೀಟರ್. ಬರೀ ಆಲ್ಕೊಹಾಲು ಬಿಟ್ಟ ತಟ್ಟೆಯಲ್ಲಿ ಬಳೆಯೇ ಇರಲಿಲ್ಲ.

ಇಷ್ಟಾದಮೇಲೆ ಕೇಳಬೇಕೆ. ಪ್ರಿನ್ಸಿಪಾಲರು ಇಡೀ ಬೀದರಿಗೆ ಡಂಗುರ ಹೊಡೆದರು. ಕಾಲೇಜಿನ ವಿಚಾರಸಂಕಿರಣದಲ್ಲಿ ಮೊದಲ ಪ್ರಬಂಧವೇ ಉಜ್ವಲಾಳದು ಎಂದು ಅಚ್ಚಾಯಿತು. ಸ್ಥಳೀಯ ಪತ್ರಿಕೆಯೊಂದು ಸತ್ಯಮ್ಮನ ಫೋಟೊ ಹಾಕಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಕಾಲೇಜುಗಳನ್ನು ಮೀರಿಸಿದವರಿಲ್ಲ.

ಸಂಕಿರಣಕ್ಕೆ ಇನ್ನು ಎಂಟು ದಿನ ಇತ್ತು. ಬುಧವಾರ ಮಧ್ಯಾಹ್ನ ನರಸಿಂಗ ನಲ್ಲಿಯ ಹತ್ತಿರದಿಂದ ಕರೆದ. ಇಪ್ಪತ್ತು ವರ್ಷದಿಂದ ಭಾಲ್ಕಿಯಿಂದ ರೈಲಿನಲ್ಲಿ ಬಂದು ಹೋಗಿ ಗಾಜಿನ ಸಾಮಾನು ತೊಳೆದವನು, ಪಿಎಚ್.ಡಿ. ಇಲ್ಲ ಅನ್ನುವುದೊಂದೇ ಕೊರತೆ.

“ಮೇಡಂ, ಜರಾ ಇಲ್ಲಿ ಬರ್ರಿ. ನೀವು ಎಲಿ ರಸ ಸೋಸಿದ ಬಟ್ಟಿ ಇದೇ ಹೌದಲ್ರಿ?”

“ಹೌದು. ಯಾಕ?”

“ಎಲಿ ಬಣ್ಣ ಹಸರು ಇರ್ಬೇಕಿಲ್ರಿ. ಸಾಬೂನ ಹಚ್ಚಿದ್ರ ಹಿಂಗ್ಯಾಕ ಆಗ್ಯದ ನೋಡ್ರಿ.”

ಬಿಳಿ ಬಟ್ಟೆಯ ಮೇಲೆ ಸಾಬೂನು ತಾಗಿದಲ್ಲೆಲ್ಲ ಕುಂಕುಮದಂಥ ಕೆಂಪು. ಉಜ್ವಲಾ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಅಡುಗೆ ಮನೆಯಲ್ಲಿ ಒಂದು ದಿನ ನಿಂತವರಿಗೂ ಗೊತ್ತು, ಸಾಬೂನು ಮುಟ್ಟಿದರೆ ಕೆಂಪಾಗುವ ಕಲೆ ಯಾವುದೆಂದು. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ.

“ಅರಿಷಿಣ,” ಅಂದಳು.

“ನಾ ಹೇಳೋದು ಬ್ಯಾಡ ಅಂತ ಸುಮ್ಮನಿದ್ದೆ,” ಅಂದ ನರಸಿಂಗ.

ಆಗಸ್ಟಿನ ಆ ಅಂಗಳ, ದೇವರ ಗೂಡು, ತಾನು ತಿರುಗಿಸಿಕೊಂಡ ಮುಖ ಎಲ್ಲ ಅವಳ ಕಣ್ಣ ಮುಂದೆ ಬಂತು. ಕುರಿಗಾರರ ದೇವರು ಮೈಲಾರ. ಮೈಲಾರನ ಪ್ರಸಾದ ಭಂಡಾರ. ಭಂಡಾರ ಅಂದರೆ ಅರಿಷಿಣ. ಅರಿಷಿಣಕ್ಕೆ ರೋಗಾಣು ಹೆದರುವುದು ಹೊಸ ಸುದ್ದಿಯೇನಲ್ಲ. ಹಾಗಾದರೆ ಆ ಹದಿನೆಂಟು ಮಿಲಿಮೀಟರ್ ಯಾರದು? ಎಲೆಯದೋ, ಭಂಡಾರದ್ದೋ? ಎಲೆಯಲ್ಲಿ ಏನೂ ಇಲ್ಲವೆಂದಾದರೆ ಅವಳ ಪ್ರಬಂಧ ಹೋಗುತ್ತದೆ, ಹೋಗಲಿ. ಪತ್ರಿಕೆಯಲ್ಲಿ ಫೋಟೊ ಬಂದ ಆ ಹೆಂಗಸಿಗೆ ಏನೆಂದು ಹೇಳುವುದು?

ಸುಳ್ಳೇಕೆ, ಸುಮ್ಮನಿದ್ದುಬಿಡೋಣ ಎಂಬ ಯೋಚನೆಯೂ ಬಂತು. ನೋಡಿದವನು ನರಸಿಂಗ ಒಬ್ಬ, ಅವನ ಬಾಯಿ ಭದ್ರ. ಆ ಯೋಚನೆ ಚಿದ್ರಿಯ ಮನೆ ಸೇರುವ ತನಕ ಅವಳ ಜೊತೆಗೇ ನಡೆದು ಬಂತು. ಅಪ್ಪನ ಮುಂದೆ ಹೇಳಿದಳು. ಧಮ್ಮಪಾಲ ಕನ್ನಡಕ ತೆಗೆದು ಒರೆಸಿದರು.

“ಅರಿಷಿಣದ ಬಳಿ ಎಲಿ ಕೈಗಿ ತೊಡಿಸಿ ಮೆರಸ್ತಿ ಏನು?” ಎಂದು ಕೇಳಿದರು. ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಅವಳು ಔರಾದ ಬಸ್ಸಿನಲ್ಲಿದ್ದಳು. ಸತ್ಯಮ್ಮ ದೂರದಿಂದಲೇ ನೋಡಿ ಎದ್ದು ಬಂದಳು. ಉಜ್ವಲಾ ನಿಂತಲ್ಲೇ ಎಲ್ಲ ಹೇಳಿದಳು. ಬಟ್ಟೆ ಕೆಂಪಾದದ್ದು, ಬಳೆ ಯಾರದೆಂದು ಈಗ ಗೊತ್ತಿಲ್ಲದ್ದು, ತಪ್ಪು ತನ್ನದೇ ಎಂಬುದು.

“ಎಲಿಗಿ ಭಂಡಾರ ಹಚ್ಚಿದ್ರೇನ್ರಿ ನೀವು?”

“ಹಚ್ಚದ ಕೊಡ್ತಾರೇನ್ರಿ? ಔಷಧ ಹೊಸ್ತಿಲ ದಾಟಬೇಕಾದ್ರ ಮೈಲಾರನ ಹುಕುಮ್ ಬೇಕು. ಕುರಿಗಿ ಕಟ್ಟಬೇಕಾದ್ರೂ ಎಲಿ ಮ್ಯಾಲ ಒಂದು ಮುಷ್ಟಿ ಭಂಡಾರ ಹಾಕೇ ಅರೀತೇನಿ.”

“ನನಗ ಯಾಕ ಹೇಳಲಿಲ್ಲ?”

“ನೀವು ಎಲಿ ಬಗ್ಗಿ ಕೇಳಿದ್ರಿ, ಎಲಿ ಬಗ್ಗಿ ಹೇಳಿದೆ. ದೇವರ ಬಗ್ಗಿ ಕೇಳಿದ್ದಿಲ್ಲಲ್ಲ,” ಅಂದಳು ಸತ್ಯಮ್ಮ. ಅದರಲ್ಲಿ ಕೊಂಕು ಇರಲಿಲ್ಲ.

ಉಜ್ವಲಾ ತಲೆತಗ್ಗಿಸಿದಳು. ಆಮೇಲೆ ಕೇಳಬೇಕಾದದ್ದು ಕೇಳಿದಳು: ಭಂಡಾರ ಮುಟ್ಟಿಸದ ಒಂದು ಕಟ್ಟು ಬೇಕು. ಸತ್ಯಮ್ಮನ ಮುಖ ಬಿಗಿಯಿತು. ಹುಕುಮಿಲ್ಲದೆ ಎಲೆ ಹೊರಗೆ ಹೋದರೆ ಗುಡ್ಡದಲ್ಲಿ ಮತ್ತೆ ಚಿಗುರುವುದಿಲ್ಲ ಅನ್ನುವ ಮಾತಿತ್ತು, ಅವಳು ಆ ಮಾತನ್ನು ನಲವತ್ತು ವರ್ಷ ಮೀರಿದವಳಲ್ಲ. ತೊಲೆಗೆ ಕಟ್ಟಿದ್ದ ಎಲೆಯ ಕಟ್ಟುಗಳನ್ನು ಒಂದೊಂದಾಗಿ ನೋಡಿದಳು.

“ಒಂದು ಮಾಡ್ತೇನಿ,” ಅಂದಳು ಕೊನೆಗೆ. “ಎಲಿ ಹಂಗೇ ಕೊಡ್ತೇನಿ. ಭಂಡಾರ ಬ್ಯಾರೆ ಪುಡಿಕಿ ಕಟ್ಟಿ ಕೊಡ್ತೇನಿ. ಎಲಿ ಮುಂದ ಹೋಗಲಿ, ಹುಕುಮ್ ಹಿಂದ ಬರಲಿ. ಮೈಲಾರ ಅಷ್ಟಕ್ಕ ಸಿಟ್ಟಾಗಲ್ಲ. ಆದ್ರ ಬಳಿ ಬಿತ್ತೋ ಇಲ್ಲೋ ನನ್ನ ಕಣ್ಣಲೆ ನಾ ನೋಡಬೇಕು. ಕರೀರಿ, ಬರ್ತೇನಿ. ಈಗ ಒಳಗ ಬರ್ರಿ. ಈ ಸಲ ಗಾಳಿ ಗೀಳಿ ಅಂದ್ರ ಕೇಳಂಗಿಲ್ಲ.”

ಉಜ್ವಲಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಸತ್ಯಮ್ಮ ಗೂಡಿನ ಮುಂದೆ ನಿಂತು ಭಂಡಾರದ ಚೀಲಕ್ಕೆ ಕೈ ಹಾಕಿದಾಗ ಈ ಸಲ ಮುಖ ತಿರುಗಿಸಲಿಲ್ಲ. ಎಷ್ಟು ಬೆರಳು, ಎಷ್ಟು ಹುಡಿ ಎಂದು ನೋಡಿ ಬರೆದುಕೊಂಡಳು. ಆಮೇಲೆ ಬಂದ ಜೋಳದ ರೊಟ್ಟಿ, ಪುಂಡಿಪಲ್ಯೆ ಬಹಳ ರುಚಿಯಾಗಿದ್ದವು. ಇಂಥ ಕಷ್ಟದಲ್ಲೂ ಹೊಟ್ಟೆ ತುಂಬ ಉಂಡೆನಲ್ಲ ಎಂದು ಅವಳಿಗೇ ನಗು ಬಂತು.

ಬಸ್ಸಿನಲ್ಲಿ ಚೀಲದೊಳಗೆ ಎಲೆಯ ಕಟ್ಟು ಒಂದು ಕಡೆ, ಭಂಡಾರದ ಪುಡಿಕೆ ಇನ್ನೊಂದು ಕಡೆ. ಸಂತಪುರ ದಾಟುವಾಗ ಅವಳಿಗೆ ಹೊಳೆಯಿತು. ಬೇರೆ ಬೇರೆ ಕೊಟ್ಟಿದ್ದಾಳೆ. ಬೇರೆ ಬೇರೆಯೇ ನೋಡಬೇಕು. ಎಲೆಗೊಂದು ತಟ್ಟೆ, ಭಂಡಾರಕ್ಕೊಂದು ತಟ್ಟೆ, ಎರಡೂ ಕೂಡಿದ್ದಕ್ಕೊಂದು. ಇಷ್ಟು ಸರಳವಾದದ್ದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ತನ್ನ ಪದವಿಗಳನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡಳು.

ಆ ಸಂಜೆಯೇ ನೆನೆಹಾಕಿದಳು. ಭಾನುವಾರ ಸೋಸಿದಳು. ಸೋಸಿದ ಮೂರು ಬಟ್ಟೆಗಳಿಗೂ ನರಸಿಂಗ ಸಾಬೂನು ಹಚ್ಚಿ ತೋರಿಸಿದ. ಎಲೆಯ ಬಟ್ಟೆ ಹಸಿರಾಗಿಯೇ ಉಳಿಯಿತು. ಸೋಮವಾರ ತಟ್ಟೆಗಳನ್ನು ಪೆಟ್ಟಿಗೆಗೆ ಇಟ್ಟು ಔರಾದಿಗೆ ಫೋನು ಮಾಡಿದಳು.

ಮಂಗಳವಾರ ಹನ್ನೊಂದಕ್ಕೆ ಸತ್ಯಮ್ಮ ಹಸಿರು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ರೊಟ್ಟಿ ಜೊತೆ ತಿನ್ನುವ ಒಂದು ಡಬ್ಬಿ ಶೇಂಗಾ ಹಿಂಡಿ ಹಿಡಿದು, ಒಬ್ಬಳೇ ಬಸ್ಸಿನಲ್ಲಿ ಬಂದಳು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದವಳನ್ನು ಉಜ್ವಲಾ ತಡೆದಳು. ಈಗ ಹೊಸ್ತಿಲಲ್ಲಿ ಅನುಮಾನಿಸುವ ಸರದಿ ಸತ್ಯಮ್ಮನದು.

“ಒಳಗ ಬರ್ರಿ ಸತ್ಯಮ್ಮ. ಗಾಳಿ ಒಳಗೇ ಅದ.”

ಸತ್ಯಮ್ಮ ನಕ್ಕು ಒಳಗೆ ಬಂದಳು.

ಪೆಟ್ಟಿಗೆಯನ್ನು ಅಲ್ಲಿಯವರೆಗೂ ಉಜ್ವಲಾ ತೆರೆದಿರಲಿಲ್ಲ. ಒಟ್ಟಿಗೇ ನೋಡೋಣ ಎಂದು ತಡೆದಿದ್ದಳು. ನಿಜ ಹೇಳಬೇಕೆಂದರೆ ಒಬ್ಬಳೇ ನೋಡುವ ಧೈರ್ಯ ಇರಲಿಲ್ಲ. ತೆರೆದಳು. ನರಸಿಂಗ ಒಂದೊಂದೇ ತಟ್ಟೆ ತೆಗೆದು ಬೆಳಕಿಗೆ ಇಟ್ಟ. ಬರೀ ಆಲ್ಕೊಹಾಲಿನ ತಟ್ಟೆ ಪೂರ್ತಿ ಮಬ್ಬು. ಎರಡೂ ಕೂಡಿದ ತಟ್ಟೆಯಲ್ಲಿ ಅದೇ ಹದಿನೆಂಟು. ಭಂಡಾರದ ತಟ್ಟೆಯಲ್ಲಿ ಹತ್ತು. ಇನ್ನು ಉಳಿದದ್ದು ಎಲೆಯೊಂದರ ತಟ್ಟೆ. ಉಜ್ವಲಾ ಸ್ಕೇಲು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು.

“ಹನ್ನೊಂದು,” ಅಂದಳು. ಅವಳ ಕಣ್ಣು ತುಂಬಿದ್ದವು. “ಅದರಿ ಸತ್ಯಮ್ಮ. ಎಲಿಯೊಳಗ ಅದ. ಸಣ್ಣದದ, ಆದ್ರ ಇದು ಎಲಿದೇ.”

ನರಸಿಂಗ ಯಾರೂ ಕೇಳದಿದ್ದರೂ ಚಹಾ ತರಲು ಓಡಿದ.

ಸತ್ಯಮ್ಮ ಮಾತ್ರ ನಗಲಿಲ್ಲ. ಎಲೆಯ ತಟ್ಟೆ, ಕೂಡಿದ ತಟ್ಟೆ, ಮತ್ತೆ ಎಲೆಯ ತಟ್ಟೆ ಎಂದು ನೋಡುತ್ತಲೇ ನಿಂತಿದ್ದಳು.

“ಅಕ್ಕೋರ, ಭಂಡಾರ ಇಲ್ದ ಬರೇ ಎಲಿ ಕಟ್ಟಿದ್ರ ಹುಣ್ಣು ಮಾಯ್ತದೇನ್ರಿ?”

“ಈ ತಟ್ಟಿ ನೋಡಿ ಕುರಿ ಮಾತು ಖಾತ್ರಿ ಹೇಳಾಕ ಬರಂಗಿಲ್ರಿ. ಆದ್ರ ಎಲಿಗಿ ಗುಣ ಅದ. ಮಾಯಬಹುದು, ತಡಾ ಆಗಬಹುದು.”

“ಎಷ್ಟು ತಡಾ? ಐದು ದಿನದ್ದು ಹತ್ತು, ಹನ್ನೆರಡು?”

“ಆಗಬಹುದು. ಯಾಕ್ರಿ?”

ಸತ್ಯಮ್ಮ ಸ್ಟೂಲಿನ ಮೇಲೆ ಕೂತಳು.

“ನಮ್ಮ ಮಾವ ಸತ್ತ ಹದಿಮೂರನೇ ದಿನ,” ಅಂದಳು, “ಮಂದಿ ನಮ್ಮ ಅತ್ತಿ ಕೈಯಾಗಿನ ಭಂಡಾರದ ಚೀಲ ಕಸಗೊಂಡ್ರು. ಗಂಡ ಸತ್ತಾಕಿ ಅರಿಷಿಣ ಮುಟ್ಟಬಾರದು ಅಂದ್ರು. ಚೀಲ ತಂದು ನನ್ನ ಕೈಯಾಗ ಕೊಟ್ರು. ಆಕಿ ಅವತ್ತಿಂದ ಬರೇ ಎಲಿ ಕಟ್ಟತಿದ್ಳು. ಕುರಿ ಮಾಯ್ಲಾಕ ತಡಾ ಆಯ್ತು. ಆಕಿ ಕೈ ಅಪಶಕುನ ಅಂದ್ರು. ನಾನೂ ಹಂಗೇ ತಿಳಿದೆ. ಆಕಿ ಮುಂದೇ ನಾ ಚೀಲ ತಗೊಂಡು ಭಂಡಾರ ಹಾಕಿ ಕುರಿ ಕಾಲಿಗಿ ಎಲಿ ಕಟ್ಟತಿದ್ದೆ. ಆಕಿ ಕಟ್ಟಿ ಮ್ಯಾಲ ಕೂತು ಅಂಗೈ ನೋಡ್ಕೋತಿದ್ಳು.”

ಚಹಾ ಹಿಡಿದು ಬಂದ ನರಸಿಂಗ ಬಾಗಿಲಲ್ಲೇ ನಿಂತ. ಉಜ್ವಲಾಳಿಗೆ ತನ್ನ ನೋಟುಬುಕ್ಕು ನೆನಪಾಯಿತು. ಐದು ದಿನ, ಹನ್ನೆರಡು ದಿನ ಎಂದು ಸತ್ಯಮ್ಮ ಮೊದಲ ದಿನವೇ ಹೇಳಿದ್ದಳು. ಇಡೀ ಪ್ರಯೋಗದ ಉತ್ತರ ಆ ಅಂಗಳದಲ್ಲೇ ಇತ್ತು, ತಾನು ಬರೆದುಕೊಂಡಿರಲಿಲ್ಲ.

“ಹಂಗಾದ್ರ ಆಕಿ ಕೈಗುಣ ಹೋಗಿದ್ದಿಲ್ಲ,” ಅಂದಳು ಸತ್ಯಮ್ಮ.

“ಹೋಗಿದ್ದಿಲ್ರಿ. ಆಕಿ ಕೈಯಾಗಿಂದ ಅರಿಷಿಣ ಅಷ್ಟೇ ಹೋಗಿತ್ತು.”

ಸತ್ಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಗುರಾದಳು ಅನ್ನುವುದು ಅವಳ ಭುಜ ನೋಡಿದರೆ ತಿಳಿಯುತ್ತಿತ್ತು. ನಲವತ್ತು ವರ್ಷ ಹೊತ್ತ ಬೇರೆಯವರ ಒಡವೆಯನ್ನು ಅವಳು ಒಡತಿಗೆ ಮರಳಿ ಕೊಟ್ಟಿದ್ದಳು. ಚಹಾ ಕುಡಿದಳು. ಡಬ್ಬಿ ತೆಗೆದು ಇಬ್ಬರಿಗೂ ಶೇಂಗಾ ಹಿಂಡಿ ಹಂಚಿದಳು. ಆಮೇಲೆ ತಟ್ಟೆಗಳ ಮುಚ್ಚಳದ ಮೇಲಿನ ಅಕ್ಷರಗಳನ್ನು ತೋರಿಸಿ ಕೇಳಿದಳು.

“ಇವಕ್ಕೆಲ್ಲ ಹೆಸರು ಬರದೀರಿ ಏನ್ರಿ?”

“ಹೌದ್ರಿ, ಯಾವುದು ಏನು ಅಂತ.”

“ಈ ಸಣ್ಣ ಬಳಿಗಿ ನಮ್ಮ ಅತ್ತಿ ಹೆಸರು ಬರೀರಿ.”

ಉಜ್ವಲಾ ಮುಚ್ಚಳಕ್ಕೆ ಸುತ್ತಲೂ ಟೇಪು ಹಚ್ಚಿ ಭದ್ರ ಮಾಡಿದಳು. ಎಲೆ ಎಂದು ಬರೆದಿದ್ದರ ಕೆಳಗೆ ಕಪ್ಪು ಪೆನ್ನಿನಿಂದ ದೊಡ್ಡದಾಗಿ ‘ಗಂಗುಬಾಯಿ’ ಎಂದು ಬರೆದಳು. ಗುರುವಾರ ಪ್ರಬಂಧ ಓದುವಾಗಲೂ ಹನ್ನೊಂದು ಮಿಲಿಮೀಟರಿನ ಎದುರಿಗೆ ಅದೇ ಹೆಸರು ಇರುತ್ತದೆ ಎಂದು ಆಗಲೇ ತೀರ್ಮಾನಿಸಿದ್ದಳು. ಹದಿನೆಂಟು ಕೇಳಲು ಕಾದಿದ್ದ ಪ್ರಿನ್ಸಿಪಾಲರ ಮುಖ ಸಪ್ಪಗಾದೀತು, ಆಗಲಿ.

ಓದಲು ಬಾರದ ಸತ್ಯಮ್ಮ ತಟ್ಟೆಯನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಬೆರಳಿನಿಂದ ಆ ಅಕ್ಷರಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಮುಟ್ಟಿದಳು.

“ಅತ್ತಿ,” ಅಂದಳು, “ನನ್ನ ಆ ಐದು ದಿನದಾಗ ಅರ್ಧಾ ನಿಂದೇ ಇತ್ತು ನೋಡು.”